ವಾರದ ತೋರಾ ಭಾಗವನ್ನು ಓದುವ ಬಗೆ

ಮುಂಬಯಿಯ ಕಾಲಾ ಘೋಡಾದಲ್ಲಿ 1884ರಲ್ಲಿ ಕಟ್ಟಿದ ಯೆಹೂದಿ ಪ್ರಾರ್ಥನಾಮಂದಿರ ಕೆನೆಸೆತ್ ಎಲಿಯಾಹು ಸಿನಗಾಗ್‌ನ ಮುಂದೆ ಓಡಾಡುವ ಕನ್ನಡಿಗರಲ್ಲಿ, ಯೆಹೂದಿಗಳು ಶನಿವಾರ ಏನನ್ನು ಓದುತ್ತಾರೆಂಬ ಕುತೂಹಲವುಳ್ಳವರು ಮೊದಲು ಆ ವಾರದ ಭಾಗ ಯಾವುದೆಂದು ಯೆಹೂದಿ ಪಂಚಾಂಗದಲ್ಲಿ ನೋಡಿಕೊಳ್ಳಬೇಕು. ಬೈಬಲಿನ ಮೊದಲ ಐದು ಪುಸ್ತಕಗಳಾದ ತೋರಾವನ್ನು 54 ಭಾಗಗಳಾಗಿ ವಿಂಗಡಿಸಿ ವರ್ಷದೊಳಗೆ ಮುಗಿಸುವ ಕ್ರಮವಿದೆ. ಪ್ರತಿ ಭಾಗವೂ ಏಳು ತುಣುಕುಗಳಾಗಿರುವುದರಿಂದ, ಭಾನುವಾರದಿಂದ ದಿನಕ್ಕೊಂದರಂತೆ ಕನ್ನಡ ಬೈಬಲಾದ ಸತ್ಯವೇದದಲ್ಲಿ, ಸೀಟು ಸಿಕ್ಕರೆ ಲೋಕಲ್ ರೈಲಿನಲ್ಲೇ, ಓದಬಹುದು. ಮೂಲವನ್ನು ಎರಡು ಬಾರಿ, ಅನುವಾದವನ್ನು ಒಮ್ಮೆ ಓದಬೇಕೆಂಬುದು ಹಳೆಯ ವಿಧಿ; ಹೀಬ್ರೂ ಬಾರದವರು ಕನ್ನಡವನ್ನೇ ಎರಡು ಸಲ ಓದಿದರೆ ಸಾಕು.

ನೀತಿಯನ್ನು ಹೆಕ್ಕುವ ಅವಸರ ಬೇಡ. ಯಾರು ಏನು ಮಾಡಿದರೆಂಬುದನ್ನು ಗಮನಿಸಿ. ‘ವಯೇರಾ’ ಭಾಗ ಶುರುವಾಗುವ, ತೋರಾದ ಮೊದಲ ಪುಸ್ತಕ ಆದಿಕಾಂಡದ 18ನೇ ಅಧ್ಯಾಯದಲ್ಲಿ, ಬಿಸಿಲೇರಿದ ಹೊತ್ತಿನಲ್ಲಿ ಗುಡಾರದ ಬಾಗಿಲಲ್ಲಿ ಕುಳಿತ ಅಬ್ರಹಾಮನು ಮೂವರು ಅಪರಿಚಿತರನ್ನು ಕಂಡು ಓಡಿಹೋಗಿ, ತುಸು ರೊಟ್ಟಿ ತರುವೆನೆಂದಷ್ಟೇ ಹೇಳಿ, ಹೆಂಡತಿ ಸಾರಳಿಂದ ಮೂರು ಅಳತೆ ಹಿಟ್ಟಿನ ರೊಟ್ಟಿ ಮಾಡಿಸಿ, ಎಳೆಗರುವಿನ ಅಡುಗೆ, ಬೆಣ್ಣೆ, ಹಾಲು ಬಡಿಸಿ, ಅವರು ಉಣ್ಣುವಾಗ ಮರದಡಿ ನಿಂತೇ ಇರುತ್ತಾನೆ. ಸಜ್ಜನರು ಆಡುವುದು ಕಡಿಮೆ, ಮಾಡುವುದು ಹೆಚ್ಚು ಎಂಬುದನ್ನು ಯೆಹೂದಿ ಪಂಡಿತರ ಚರ್ಚೆಗಳ ಹಳೆಯ ಸಂಗ್ರಹವಾದ ತಾಲ್ಮುದ್ ಇಲ್ಲಿಂದಲೇ ಎತ್ತಿಕೊಳ್ಳುತ್ತದೆ. ಇದೇ ಭಾಗದ ಕೊನೆಗೆ ಅಬ್ರಹಾಮನು ಮಗ ಇಸಾಕನನ್ನು ಬಲಿಗೆ ಒಯ್ಯುವ ಪ್ರಸಂಗ ಬರುತ್ತದೆ. ಅದಕ್ಕೆ ಸಲೀಸಾದ ಅರ್ಥ ಹಚ್ಚುವುದು ನನಗೆ ಸರಿಯೆನಿಸುವುದಿಲ್ಲ, ಎದ್ದ ಪ್ರಶ್ನೆಯನ್ನು ಬರೆದಿಟ್ಟು ಮುಂದಿನ ವರ್ಷ ಅದೇ ಭಾಗ ಬಂದಾಗ ತೆರೆದು ನೋಡಬೇಕು.