ನಿಮ್ಮ ಮಾಹಿತಿ ಯಾರ ಕೈಯಲ್ಲಿದೆ: ಕೇಳುವ, ತಡೆಯುವ, ದೂರುವ ಕ್ರಮ

ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಕೆಲಸಕ್ಕೆ ಬರುವ ಕಾರ್ಮಿಕರ ಆಧಾರ್ ಕಾರ್ಡಿನ ಚಿತ್ರ ಮೊದಲು ಮೇಸ್ತ್ರಿಯ ಫೋನಿಗೆ, ಅಲ್ಲಿಂದ ತೋಟದ ಗುಮಾಸ್ತರಾದ ರೈಟರ್ ವಾಟ್ಸ್‌ಆ್ಯಪ್‌ಗೆ, ಕೊನೆಗೆ ಪೇಟೆಯಲ್ಲಿ ಲೆಕ್ಕ ಬರೆಯುವವರ ಕಂಪ್ಯೂಟರಿಗೆ ಹೋಗಿ ಸೇರುವುದುಂಟು. ಹೋಮ್‌ಸ್ಟೇಗೆ ಬರುವ ಅತಿಥಿಗಳ ಗುರುತಿನ ಚೀಟಿಯೂ ಹೀಗೆಯೇ ಕೈ ದಾಟುತ್ತದೆ. ಹಾಸನದ ಕಾರ್ಖಾನೆಯಲ್ಲಾದರೆ ಹಾಜರಾತಿ ಯಂತ್ರ ಬೆರಳಚ್ಚನ್ನೇ ಹಿಡಿದಿಟ್ಟುಕೊಂಡಿರುತ್ತದೆ. ಹೀಗೆ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆ ಇದೆ. ಆದರೆ ಸರಿಯಾದ ಪ್ರಶ್ನೆಯನ್ನು, ಸರಿಯಾದ ಕಚೇರಿಗೆ, ಬರವಣಿಗೆಯಲ್ಲಿ ಕೇಳಿದಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಮೊದಲು ಯಾವ ಕಾನೂನು ಈಗ ಕೈಗೆ ಸಿಗುತ್ತದೆ ಎಂಬುದು ತಿಳಿದಿರಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಎತ್ತಿಹಿಡಿಯಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆದರೆ ಸಂಸ್ಥೆಗಳನ್ನು ಕಟ್ಟಿಹಾಕುವ ಮುಖ್ಯ ಕಲಮುಗಳು ಜಾರಿಗೆ ಬರುವುದು ಪ್ರಕಟಣೆಯ 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ನಿಮ್ಮ ಪತ್ರದಲ್ಲಿ ಉಲ್ಲೇಖಿಸಬೇಕಾದದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ಎ ಕಲಮು ಮತ್ತು ಅದರಡಿ 2011ರಲ್ಲಿ ಬಂದ ನಿಯಮಗಳನ್ನು.

ಮಾಹಿತಿ ಕೊಡುವ ಮುನ್ನ, ಅದು ಯಾವ ಕೆಲಸಕ್ಕೆ ಮತ್ತು ಎಷ್ಟು ಕಾಲಕ್ಕೆ ಎಂದು ಕೇಳಿರಿ. ಗುರುತು ತೋರಿಸುವುದಷ್ಟೇ ಉದ್ದೇಶವಾಗಿದ್ದರೆ ಕೊನೆಯ 4 ಅಂಕಿಗಳು ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು; ಇದನ್ನು ವಿಶಿಷ್ಟ ಗುರುತಿನ ಪ್ರಾಧಿಕಾರದ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಭವಿಷ್ಯನಿಧಿ ಖಾತೆಯಂಥ ಕಡೆ ಪೂರ್ಣ ಸಂಖ್ಯೆ ಬೇಕೇ ಬೇಕಾಗುವುದರಿಂದ ಅಲ್ಲಿ ಹಟ ಹಿಡಿದು ಪ್ರಯೋಜನವಿಲ್ಲ. ಜೆರಾಕ್ಸ್ ಪ್ರತಿ ಕೊಡುವುದಾದರೆ ಅದರ ಮೇಲೆ ಅಡ್ಡಲಾಗಿ ‘ಹೋಮ್‌ಸ್ಟೇ ವಾಸ್ತವ್ಯಕ್ಕೆ ಮಾತ್ರ’ ಎಂಬಂತೆ ಉದ್ದೇಶ ಬರೆದು, ತಾರೀಖು ಹಾಕಿ ಸಹಿ ಮಾಡಿರಿ. ಅಂಗಡಿಯಲ್ಲಿ ಬಿಲ್ಲಿಗೆ ಮೊಬೈಲ್ ನಂಬರ್ ಕೇಳಿದರೆ ಕೊಡಲೇಬೇಕೆಂದೇನೂ ಇಲ್ಲ. ಹಾಗೆ ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಸೂಚಿಸಿದೆ.

ಕೆಲಸದ ಜಾಗದ ಪ್ರಶ್ನೆ ಇಷ್ಟು ಸರಳವಲ್ಲ, ಏಕೆಂದರೆ ಕೇಳುವವರ ಕೈಯಲ್ಲೇ ಬಟವಾಡೆಯೂ ಇರುತ್ತದೆ. 2011ರ ನಿಯಮಗಳ ಪ್ರಕಾರ ಬೆರಳಚ್ಚು, ಬ್ಯಾಂಕ್ ವಿವರ, ಆರೋಗ್ಯದ ದಾಖಲೆ, ಪಾಸ್‌ವರ್ಡ್ ಇವೆಲ್ಲ ಸೂಕ್ಷ್ಮ ಮಾಹಿತಿ. ಇವನ್ನು ಪಡೆಯುವ ಸಂಸ್ಥೆ ಲಿಖಿತ ಒಪ್ಪಿಗೆ ಪಡೆಯಬೇಕು, ಅಗತ್ಯಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಾರದು, ದೂರು ಕೇಳಲು ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಆ ಅಧಿಕಾರಿ ಒಂದು ತಿಂಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು. ಕೆಲಸ ಬಿಟ್ಟವರು ಆ ಅಧಿಕಾರಿಗೆ ಈ ಧಾಟಿಯಲ್ಲಿ ಬರೆಯಬಹುದು:

‘ನಾನು ನಿಮ್ಮ ಸಂಸ್ಥೆಯ ಕೆಲಸವನ್ನು ಈ ದಿನಾಂಕದಂದು ಬಿಟ್ಟಿರುತ್ತೇನೆ. ಹಾಜರಾತಿಗಾಗಿ ಪಡೆದ ನನ್ನ ಬೆರಳಚ್ಚಿನ ಉದ್ದೇಶ ಅಂದಿಗೇ ಮುಗಿದಿದೆ. ಅದನ್ನು ಅಳಿಸಿ, ಅಳಿಸಿರುವ ಬಗ್ಗೆ ಲಿಖಿತ ಉತ್ತರ ನೀಡಬೇಕೆಂದು, ಬೇರೆ ಯಾರಿಗಾದರೂ ನೀಡಿದ್ದಲ್ಲಿ ಅವರ ಹೆಸರು ತಿಳಿಸಬೇಕೆಂದು ಕೋರುತ್ತೇನೆ.’

ಬೇಡಿಕೆ ಇಷ್ಟು ಚಿಕ್ಕದಾಗಿರಲಿ. ಸಂಬಳದ ತಕರಾರು, ಸೂಪರ್‌ವೈಸರ್ ಬೈದದ್ದು ಎಲ್ಲವನ್ನೂ ಒಂದೇ ಕಾಗದಕ್ಕೆ ತುಂಬಿದರೆ ಉತ್ತರ ಕೊಡದೆ ನುಣುಚಿಕೊಳ್ಳಲು ಅವರಿಗೇ ದಾರಿ ಮಾಡಿಕೊಟ್ಟಂತಾಗುತ್ತದೆ. ಪತ್ರದ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿರಿ. ಸಂಸ್ಥೆಯ ನಿರ್ಲಕ್ಷ್ಯದಿಂದ ಸೂಕ್ಷ್ಮ ಮಾಹಿತಿ ಸೋರಿ ನಷ್ಟವಾಗಿದ್ದರೆ, ಪರಿಹಾರ ಕೋರಿ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯವರ ಮುಂದೆ ಅರ್ಜಿ ಹಾಕಲು ಅವಕಾಶವಿದೆ.

ಹೊಸ ಕಾಯ್ದೆಯಲ್ಲಿ ಈ ವಿಷಯ ಬಿಗಿಯಾಗುವ ಬದಲು ಒಂದು ಕಡೆ ಸಡಿಲವಾಗಿದೆ. ಅದರ 7ನೇ ಕಲಮು ಉದ್ಯೋಗದ ಉದ್ದೇಶಕ್ಕೆ, ಮಾಲೀಕರಿಗೆ ಆಗಬಹುದಾದ ನಷ್ಟ ತಪ್ಪಿಸುವುದಕ್ಕೆ ನೌಕರರ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಬಳಸಲು ಬಿಡುತ್ತದೆ. ನೌಕರರಿಗೆ ಇದು ನ್ಯಾಯವಾಗಿ ನನಗಂತೂ ಕಾಣುವುದಿಲ್ಲ. ಇನ್ನೊಂದು ಮಿತಿಯೂ ಇದೆ: ಆ ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದಲ್ಲಿರುವ ಅಥವಾ ಆ ರೂಪಕ್ಕೆ ಬಂದ ಮಾಹಿತಿಗೆ. ರೈಟರ್ ಕಪಾಟಿನ ಫೈಲಿನಲ್ಲಿ ಕಾಗದವಾಗಿಯೇ ಉಳಿದ ಪ್ರತಿ ಅದರ ಆಚೆಗಿದೆ. ಅದೇ ಪ್ರತಿಯ ಫೋಟೋ ತೆಗೆದು ತೋಟದ ವ್ಯವಹಾರಕ್ಕಾಗಿ ಇಟ್ಟುಕೊಂಡ ಕೂಡಲೇ ಒಳಗೆ ಬರುತ್ತದೆ. ಲಾಭದ ಕಡೆ ನೋಡಿದರೆ, ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡದಲ್ಲಿ ಓದುವ ಆಯ್ಕೆ ಕೊಡಲೇಬೇಕು, ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು, ಮಾಹಿತಿ ಸೋರದಂತೆ ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು.

ಕೆಲಸದ ಜಾಗದಲ್ಲಿ ನಡೆದ ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆಯ ದಾರಿಯೇ ಬೇರೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಚಿಕ್ಕ ತೋಟ, ಅಂಗಡಿ, ಮನೆಗೆಲಸದವರು, ಇಲ್ಲವೇ ಮಾಲೀಕರ ಮೇಲೆಯೇ ದೂರಿರುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಅದರ ವಿವರವನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು. ಘಟನೆ ನಡೆದ 3 ತಿಂಗಳೊಳಗೆ ಬರೆದುಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಲ್ಲದು. ದೂರುದಾರರ ಹೆಸರು, ವಿಳಾಸ, ವಿಚಾರಣೆಯ ವಿವರ ಹೊರಗೆ ಹೇಳುವುದನ್ನು 16ನೇ ಕಲಮು ನಿಷೇಧಿಸುತ್ತದೆ. ಊರೆಲ್ಲ ಗೊತ್ತಾಗುತ್ತದೆಂಬ ಅಂಜಿಕೆಯಿಂದ ಸುಮ್ಮನಿರುವವರಿಗೆ ಮೊದಲು ಹೇಳಬೇಕಾದ ಮಾತು ಇದೇ.

ಇನ್ನು ಫೋನಿನೊಳಗಿನ ತೊಂದರೆ. ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿ, ಫೋಟೋ, ಕರೆ ವಿವರಕ್ಕೆ ಕೈ ಹಾಕುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2022ರಿಂದ ವಿಧಿಸಿದೆ. ಅನುಮತಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಹಿಂದಿರುವ ಬ್ಯಾಂಕು ಅಥವಾ ಹಣಕಾಸು ಸಂಸ್ಥೆಯ ಹೆಸರು ನೋಡಿರಿ. ಆ ಸಂಸ್ಥೆಗೆ ಕೊಟ್ಟ ದೂರಿಗೆ 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ಬಗೆಹರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರಬಹುದು. ಅಂಥ ಸಂಸ್ಥೆಯ ಹೆಸರೇ ಇಲ್ಲದ ಆ್ಯಪ್ ಆದರೆ ಪೊಲೀಸ್ ಠಾಣೆಯೇ ಗತಿ.

ಆನ್‌ಲೈನ್ ವಂಚನೆಯಲ್ಲಿ ಹಣ ಹೋಗಿದ್ದರೆ ಮೊದಲು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿರಿ. ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯಲು ಸಾಧ್ಯವಾಗುವುದು ಬೇಗ ತಿಳಿಸಿದರೆ ಮಾತ್ರ. ಖಾಸಗಿ ಚಿತ್ರ ಹರಿದಾಡುತ್ತಿದ್ದರೆ, ಚಿತ್ರದಲ್ಲಿರುವವರೇ ಅಥವಾ ಅವರ ಪರವಾಗಿ ಇನ್ನೊಬ್ಬರು ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ದೂರಬಹುದು. ತೆಗೆದುಹಾಕಲು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 2021ರ ನಿಯಮಗಳು ಬಂದಾಗ ಇಟ್ಟ ಗರಿಷ್ಠ ಗಡುವೇ 24 ಗಂಟೆ. ದೂರುವ ಮೊದಲು ಪೂರ್ತಿ ಲಿಂಕ್, ಖಾತೆಯ ಹೆಸರು, ಸಮಯ ಕಾಣುವ ಸ್ಕ್ರೀನ್‌ಶಾಟ್ ತೆಗೆದಿಡಿ, ಏಕೆಂದರೆ ಚಿತ್ರ ಅಳಿಸಿಹೋದ ಮೇಲೆ ಪುರಾವೆಯೂ ಅದರೊಂದಿಗೇ ಹೋಗುತ್ತದೆ. ಜೊತೆಗೆ ಹಾಸನ ಅಥವಾ ಚಿಕ್ಕಮಗಳೂರಿನ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿರಿ. ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ವಾಪಸು ಕಳಿಸುವಂತಿಲ್ಲ. ಅಪರಾಧ ಎಲ್ಲಿಯೇ ನಡೆದಿರಲಿ, ಮಾಹಿತಿ ದಾಖಲಿಸಿಕೊಳ್ಳಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ಆದರೂ ದಾಖಲಿಸಿಕೊಳ್ಳದಿದ್ದರೆ ಅದೇ ದೂರನ್ನು ಸ್ಪೀಡ್ ಪೋಸ್ಟ್ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರಿಗೆ ಕಳುಹಿಸಿ ರಸೀದಿ ಜೋಪಾನವಾಗಿಡಿರಿ. ಅಲ್ಲಿಯೂ ಕ್ರಮವಾಗದೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕಾಗಿ ಬಂದರೆ ಆ ರಸೀದಿ ಬೇಕಾಗುತ್ತದೆ.