ಡಿಸ್ಕಾರ್ಡ್‌ನಲ್ಲಿ ಮಾತು, ನಿರ್ಧಾರ ಬೇರೆ ಕಡೆ

ಓಪನ್ ಸೋರ್ಸ್ ಯೋಜನೆಗೆ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ತಂತ್ರಾಂಶಕ್ಕೆ, ಡಿಸ್ಕಾರ್ಡ್, ಸ್ಲ್ಯಾಕ್‌ನಂಥ ಚಾಟ್ ಆ್ಯಪ್ ಬೇಕಾ ಅಂತ ಯಾರಾದರೂ ಕೇಳಿದರೆ ನಾನು ‘ಇಟ್ಟುಕೊಳ್ಳಿ’ ಎನ್ನುತ್ತೇನೆ. ಹೊಸಬರು ಇರುವುದೇ ಅಲ್ಲಿ. ಒಂದು ಸಣ್ಣ ಅನುಮಾನ ಕೇಳಲು ಐಆರ್‌ಸಿ ಎಂಬ ಹಳೆಯ ಚಾಟ್ ವ್ಯವಸ್ಥೆ ಕಲಿತುಕೊಂಡು ಬನ್ನಿ ಎಂದರೆ ಯಾರು ಬರುತ್ತಾರೆ? ಆದರೆ ಒಳಗೆ ಹೋಗುವ ಮೊದಲೇ ಹೊರಗೆ ಬರುವ ದಾರಿ ನೋಡಿಕೊಂಡಿರಬೇಕು.

ಮೊದಲು ಲಿಂಕ್. ಆಹ್ವಾನದ ಲಿಂಕನ್ನು ರೀಡ್‌ಮಿಯಲ್ಲಿ (ಯೋಜನೆಯನ್ನು ಪರಿಚಯಿಸುವ ಕಡತ) ನೇರವಾಗಿ ಹಾಕಬೇಡಿ. ಯೋಜನೆಯ ಸ್ವಂತ ಡೊಮೇನ್‌ನಲ್ಲಿ ಚಾಟ್‌ಗೆಂದು ಒಂದು ವಿಳಾಸ ಮಾಡಿ, ಅದನ್ನು ಡಿಸ್ಕಾರ್ಡ್‌ಗೆ ತಿರುಗಿಸಿ. ನಾಳೆ ಮ್ಯಾಟ್ರಿಕ್ಸ್, ಜುಲಿಪ್‌ನಂಥ ಮುಕ್ತ ಚಾಟ್ ವ್ಯವಸ್ಥೆಗೆ ಹೋದರೆ ಒಂದು ಕಡೆ ಬದಲಿಸಿದರೆ ಸಾಕು. ಹಾಗೆಯೇ, ಡಿಸ್ಕಾರ್ಡ್‌ನಲ್ಲಿ ಸುಮ್ನೆ ಕಾಪಿ ಮಾಡಿದ ಲಿಂಕ್ ಕೆಲವೇ ದಿನ ಬಾಳುತ್ತದೆ. ಅವಧಿ ಮುಗಿಯದ ಹಾಗೆ ಸೆಟ್ಟಿಂಗ್ ಬದಲಿಸಿಕೊಳ್ಳಿ. ಅಡ್ಮಿನ್ ಅಧಿಕಾರ ಒಬ್ಬರಿಗಿಂತ ಜಾಸ್ತಿ ಜನರಿಗಿರಲಿ.

ನಿಜವಾದ ತೊಂದರೆ ನೆನಪಿನದ್ದು. ಸ್ಲ್ಯಾಕ್‌ನ ಉಚಿತ ಪ್ಲಾನ್‌ನಲ್ಲಿ ಕಾಣುವುದು ಕಳೆದ 90 ದಿನಗಳ ಸಂದೇಶ ಮಾತ್ರ. ಒಂದು ವರ್ಷ ದಾಟಿದ್ದನ್ನು ಅಳಿಸಿಯೇ ಬಿಡುತ್ತಾರೆ. ಡಿಸ್ಕಾರ್ಡ್ ಹಳೆಯದನ್ನು ಇಟ್ಟುಕೊಳ್ಳುತ್ತದೆ, ಆದರೆ ಗೂಗಲ್‌ನಲ್ಲಿ ಹುಡುಕುವವರಿಗೆ ಅದು ಸಿಗುವುದಿಲ್ಲ. ಅದಕ್ಕೇ ಅದೇ ಇನ್‌ಸ್ಟಾಲ್ ಪ್ರಶ್ನೆ ಮತ್ತೆ ಮತ್ತೆ ಬರುವುದು. ಉತ್ತರ ಕೊಟ್ಟವರಿಗೆ ಬೇಜಾರು, ಕೇಳಿದವರಿಗೆ ಮುಜುಗರ.

ನಮ್ಮಲ್ಲಿ ಒಂದು ರೂಢಿ ಇದೆ. ಒಂದೇ ಪ್ರಶ್ನೆ ಎರಡನೇ ಸಲ ಬಂತೆಂದರೆ, ಉತ್ತರವನ್ನು ಮೊದಲು ಡಾಕ್ಯುಮೆಂಟೇಶನ್‌ಗೆ ಸೇರಿಸಿ, ಆಮೇಲೆ ಚಾಟ್‌ನಲ್ಲಿ ಅದರ ಲಿಂಕ್ ಕೊಡಬೇಕು. ಬಗ್ ಎಂದು ಖಚಿತವಾದ ತಕ್ಷಣ ಇಶ್ಯೂ, ಅಂದರೆ ಯೋಜನೆಯ ಪುಟದಲ್ಲಿ ಎಲ್ಲರಿಗೂ ಕಾಣುವ ದಾಖಲೆ, ತೆರೆಯಬೇಕು. ‘ನೀವೇ ತೆರೆಯಿರಿ’ ಎಂದು ಹೊಸಬರನ್ನು ಅಟ್ಟಬೇಡಿ. ಮೊದಲ ಸಲ ನೀವೇ ತೆರೆದು, ಅವರನ್ನು ಅದರಲ್ಲಿ ಹೆಸರಿಸಿ. ಹಾಗೆ ಬಂದವರಲ್ಲೇ ಕೆಲವರು ಆಮೇಲೆ ಪ್ಯಾಚ್ (ಕೋಡ್‌ನ ತಿದ್ದುಪಡಿ) ಕಳಿಸುತ್ತಾರೆ. ಇನ್ನು ನಿರ್ಧಾರ: ಚಾಟ್‌ನಲ್ಲಿ ಎಷ್ಟು ಹೊತ್ತು ಬೇಕಾದರೂ ಚರ್ಚಿಸಿ, ಆದರೆ ಇಶ್ಯೂನಲ್ಲಿ ಬರೆಯುವ ತನಕ ಅದು ನಿರ್ಧಾರವಲ್ಲ. ಬೇರೆ ಟೈಮ್‌ಝೋನ್‌ನಲ್ಲಿ ಮಲಗಿದ್ದವರಿಗೂ ಒಂದು ಮಾತು ಹೇಳುವ ಅವಕಾಶ ಬೇಕು, ಅಲ್ವಾ?

‘ನಮ್ಮದು ದೊಡ್ಡ ಯೋಜನೆ, ಕಂಪನಿ ನಮ್ಮನ್ನು ಕೈಬಿಡಲ್ಲ’ ಎನ್ನುವವರೂ ಇದ್ದಾರೆ. 2025ರ ಜೂನ್‌ನಲ್ಲಿ ಕುಬರ್‌ನೆಟೀಸ್‌ನಂಥ ದೊಡ್ಡ ಓಪನ್ ಸೋರ್ಸ್ ಸಮುದಾಯಕ್ಕೇ ಸ್ಲ್ಯಾಕ್‌ನ ವಿಶೇಷ ಸವಲತ್ತು ಕೆಲವೇ ದಿನಗಳಲ್ಲಿ ನಿಲ್ಲುತ್ತದೆ ಎಂಬ ಸುದ್ದಿ ಬಂತು. ಆಮೇಲೆ ಸ್ಲ್ಯಾಕ್ ಮನಸ್ಸು ಬದಲಿಸಿತು, ಸರಿ. ಆದರೆ ಅಷ್ಟರಲ್ಲಿ ಅವರು ಎಕ್ಸ್‌ಪೋರ್ಟ್, ಬೇರೆ ಜಾಗ ಅಂತ ಯೋಚಿಸಬೇಕಾಯಿತು. ನಮ್ಮಂಥ ಸಣ್ಣವರಿಗೆ ಹೀಗಾದರೆ ಯಾರ ಗಮನಕ್ಕೂ ಬರುವುದಿಲ್ಲ.

ಡಿಸ್ಕಾರ್ಡ್, ಸ್ಲ್ಯಾಕ್‌ನಂಥ ಮುಚ್ಚಿದ ತಂತ್ರಾಂಶ ಬೇಡ ಎನ್ನುವವರಿಗಾಗಿ, ಸಂದೇಶಗಳನ್ನು ಎರಡೂ ಕಡೆ ದಾಟಿಸುವ ಮ್ಯಾಟರ್‌ಬ್ರಿಡ್ಜ್‌ನಂಥ ಸೇತುವೆ ಹಾಕಿ, ಮ್ಯಾಟ್ರಿಕ್ಸ್ ಅಥವಾ ಐಆರ್‌ಸಿ ಕೋಣೆಯನ್ನು ಜೋಡಿಸಬಹುದು. ಥ್ರೆಡ್, ರಿಯಾಕ್ಷನ್‌ಗಳು ಆ ಕಡೆಗೆ ಸರಿಯಾಗಿ ದಾಟುವುದಿಲ್ಲ. ಆದ್ದರಿಂದ ಒಂದೇ ಚಾನೆಲ್ ಜೋಡಿಸಿ, ಎಲ್ಲವನ್ನೂ ಬೇಡ. ಇಲ್ಲಿ ಬರೆದದ್ದು ಆ ಕಡೆಯೂ ಕಾಣುತ್ತದೆ ಎಂದು ಚಾನೆಲ್‌ನ ವಿವರಣೆಯಲ್ಲೇ ತಿಳಿಸಿ. ಕಿರುಕುಳದ ದೂರಿಗೆಂದೇ ಚಾಟ್‌ನ ಹೊರಗೆ ಒಂದು ಈಮೇಲ್ ವಿಳಾಸ ಇರಲಿ. ಚಾಟ್‌ನಿಂದ ಬ್ಯಾನ್ ಆದವರೂ, ಖಾತೆಯೇ ಇಲ್ಲದವರೂ ದೂರು ಕೊಡುವಂತಿರಬೇಕು.

ಕೊನೆಗೆ ಒಂದು ಪರೀಕ್ಷೆ ಮಾಡಿ ನೋಡಿ. ಡಿಸ್ಕಾರ್ಡ್ ಖಾತೆ ಇಲ್ಲದ ಗೆಳೆಯರೊಬ್ಬರಿಗೆ ರೀಡ್‌ಮಿ ಕೊಟ್ಟು, ಒಂದು ಸಣ್ಣ ಪ್ಯಾಚ್ ಕಳಿಸಲು ಹೇಳಿ. ಅವರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೋ ಮೊದಲು ಅದನ್ನು ಸರಿಮಾಡಿ.