ಅಮೆರಿಕದ ಸೇನೆ ಬಿಟ್ಟವರೇ, ಆ ಕಾಗದ ಎಲ್ಲಿಟ್ಟಿದ್ದೀರಿ?

ಊರಿಗೆ ಹೋದಾಗಲೆಲ್ಲ ಕಾಸರಗೋಡಿನ ನಮ್ಮ ಪೆರ್ಲ ಪೇಟೆಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಮಿಲಿಟರಿ ಬಿಟ್ಟಿಯಂತೆ, ಪೆನ್ಷನ್ ಎಷ್ಟು ಬರ್ತದೆ ಮಾರಾಯ?" ಪೆನ್ಷನ್ ಇಲ್ಲ ಅಂದರೆ ನಂಬುವುದಿಲ್ಲ. ಅವರ ತಪ್ಪಲ್ಲ. ನಮ್ಮ ಕಡೆ ಜವಾನರು 15 ವರ್ಷ ಮುಗಿಸಿ ಪೆನ್ಷನ್ ಹಿಡಿದುಕೊಂಡು ಬಂದು ತೋಟ ನೋಡಿಕೊಳ್ಳುವುದನ್ನು ಎಲ್ಲರೂ ನೋಡಿದ್ದಾರೆ. ಅಮೆರಿಕದಲ್ಲಿ ನಿವೃತ್ತಿ ಪೆನ್ಷನ್‌ಗೆ ಸಾಮಾನ್ಯವಾಗಿ 20 ವರ್ಷ ಬೇಕು. ನಾನು ಅಲ್ಲಿನ ಸೇನೆಯಲ್ಲಿ ಇದ್ದದ್ದು ಆರು ವರ್ಷ.

ಆದರೆ ನನಗೆ ತಿಂಗಳು ತಿಂಗಳು ಒಂದಿಷ್ಟು ದುಡ್ಡು ಬರುವುದೂ ಹೌದು. ಅದು ಪೆನ್ಷನ್ ಅಲ್ಲ. ಸೇವೆಯಲ್ಲಿದ್ದಾಗ ಮೈಗೆ ಆದ ಹಾನಿಗೆ ಕೊಡುವ ಪರಿಹಾರ. ಕೊಡುವುದು ಸೇನೆಯಲ್ಲ, ಮಾಜಿ ಸೈನಿಕರ ಇಲಾಖೆ, ಎಲ್ಲರೂ ವಿಎ ಅನ್ನುತ್ತಾರೆ. ಇದಕ್ಕೆ 20 ವರ್ಷ ಬೇಕಿಲ್ಲ, ತೆರಿಗೆಯೂ ಇಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಅರ್ಜಿಯನ್ನೇ ಹಾಕದ ನಮ್ಮವರು ನನಗೆ ಸಿಕ್ಕಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಸೇರಿದ್ದು 2014ರಲ್ಲಿ, ಮಾವ್ನಿ ಅನ್ನುವ ಯೋಜನೆಯಲ್ಲಿ. ಗ್ರೀನ್ ಕಾರ್ಡ್ ಇಲ್ಲದಿದ್ದರೂ ಸೇನೆಗೆ ಬೇಕಾದ ಭಾಷೆ ಬರುತ್ತಿದ್ದರೆ ತೆಗೆದುಕೊಳ್ಳುತ್ತಿದ್ದರು. ಓದಿದ್ದು ಕನ್ನಡ ಮಾಧ್ಯಮ, ಆದರೆ ನನ್ನನ್ನು ಒಳಗೆ ಬಿಟ್ಟದ್ದು ಕಾಸರಗೋಡಿನ ಬಸ್ಸಿನಲ್ಲಿ, ಪಂಚಾಯತ್ ಕಚೇರಿಯಲ್ಲಿ ಕಿವಿಗೆ ಬಿದ್ದು ಕಲಿತ ಮಲಯಾಳಂ! ಗಡಿಯಲ್ಲಿ ಹುಟ್ಟಿದ್ದರಿಂದ ಹೀಗೂ ಒಂದು ಲಾಭ. ಆ ದಾರಿ 2016ರಲ್ಲಿ ಮುಚ್ಚಿತು. ಈಗ ಸೇರುವ ನಮ್ಮ ಹುಡುಗರು ಹೆಚ್ಚಾಗಿ ಗ್ರೀನ್ ಕಾರ್ಡ್ ಇದ್ದವರು. ಸೇವೆಯಲ್ಲಿದ್ದಾಗಲೇ ಅದರ ಆಧಾರದಲ್ಲಿ ಪೌರತ್ವ ಕೇಳುವವರು ಎನ್-400 ಅನ್ನುವ ಪೌರತ್ವದ ಅರ್ಜಿಯ ಜೊತೆಗೆ ಎನ್-426 ಅನ್ನುವ ಸೇವಾ ದೃಢೀಕರಣವನ್ನು ಸೇನೆಯಿಂದ ಬರೆಸಿಕೊಳ್ಳಬೇಕು. ಇದಕ್ಕೆ ಶುಲ್ಕ ಇಲ್ಲ. ಒಂದು ಎಚ್ಚರಿಕೆ: ಐದು ವರ್ಷ ಗೌರವಯುತ ಸೇವೆ ಆಗುವ ಮೊದಲು ಕೆಟ್ಟ ಹೆಸರಿನಲ್ಲಿ ಹೊರಬಿದ್ದರೆ ಹಾಗೆ ಸಿಕ್ಕ ಪೌರತ್ವವನ್ನು ವಾಪಸ್ ಪಡೆಯಲು ಕಾನೂನಿನಲ್ಲಿ ಅವಕಾಶ ಉಂಟು.

ಇನ್ನು ಕಾಗದದ ವಿಷಯ. ಸೇನೆ ಬಿಡುವಾಗ ಕೊಡುವ ಡಿಡಿ 214 ಅನ್ನುವ ಹಾಳೆಯೇ ಎಲ್ಲದರ ಮೂಲ. ಎಷ್ಟು ದಿನ ಇದ್ದಿರಿ, ಎಲ್ಲಿ ಹೋದಿರಿ, ಯಾವ ಪದಕ ಸಿಕ್ಕಿತು, ಯಾವ ರೀತಿ ಬಿಡುಗಡೆಯಾಯಿತು, ಎಲ್ಲ ಅದರಲ್ಲಿದೆ. ಇದರಲ್ಲಿ ಹಲವು ಪ್ರತಿಗಳು. ಮೆಂಬರ್-1 ಅನ್ನುವ ಗಿಡ್ಡ ಪ್ರತಿಯಲ್ಲಿ ಬಿಡುಗಡೆಯ ವಿಧವೂ ಕಾರಣವೂ ಇರುವುದಿಲ್ಲ, ಹಾಗಾಗಿ ಕಚೇರಿಗಳು ಕೇಳುವುದು ಮೆಂಬರ್-4. ಇತ್ತೀಚೆಗೆ ಬಿಟ್ಟವರಿಗೆ ಮಿಲ್‌ಕನೆಕ್ಟ್ ಅನ್ನುವ ಸರಕಾರಿ ಜಾಲತಾಣದಲ್ಲೇ ಸಿಗುತ್ತದೆ. ಹಳಬರು ಎಸ್‌ಎಫ್ 180 ಅರ್ಜಿ ತುಂಬಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಕಳಿಸಬೇಕು. ಸೈನಿಕನಿಗೂ, ಆತ ತೀರಿಕೊಂಡಿದ್ದರೆ ಹತ್ತಿರದ ಸಂಬಂಧಿಗೂ ಸಾಮಾನ್ಯವಾಗಿ ಇದು ಉಚಿತ. ಕಳೆದುಹೋದ ಪದಕ ಕೇಳುವುದೂ ಇದೇ ಅರ್ಜಿಯಲ್ಲಿ. ಆ ಕೇಂದ್ರಕ್ಕೆ 1973ರ ಜುಲೈ 12ರಂದು ಬೆಂಕಿ ಬಿದ್ದು 1.6 ಕೋಟಿಗೂ ಜಾಸ್ತಿ ಕಡತ ಸುಟ್ಟುಹೋದವು. 1912ರಿಂದ 1960ರವರೆಗೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ಸುಮಾರು 80 ಶೇಕಡಾ ಹೋಯಿತು, ಬೇರೆ ನಕಲು ಇರಲಿಲ್ಲ. ಸರಕಾರದ ಹತ್ತಿರ ಇದ್ದೇ ಇರುತ್ತದೆ ಎಂದು ಸುಮ್ನೆ ಕೂರುವವರಿಗೆ ನಾನು ಯಾವಾಗಲೂ ಹೇಳುವ ಕಥೆ ಇದು.

ಕಾಗದ ಕೈಗೆ ಬಂದ ಕೂಡಲೇ ಹೆಸರು ನೋಡಿ. ಕಾಸರಗೋಡಿನವರ ಹೆಸರಿನ ಗೋಳು ಗೊತ್ತಲ್ವಾ? ಶಾಲೆಯ ಸರ್ಟಿಫಿಕೇಟ್ ಕನ್ನಡದಲ್ಲಿ, ಪಂಚಾಯತ್ ದಾಖಲೆ ಮಲಯಾಳಂನಲ್ಲಿ, ಒಂದು ಕಡೆ ಇನಿಶಿಯಲ್, ಇನ್ನೊಂದು ಕಡೆ ಮನೆಹೆಸರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು. ನನ್ನ ಅಪ್ಪನ ಹುಟ್ಟಿದ ದಾಖಲೆಯಲ್ಲಿ ಊರು ಇರುವುದು ದಕ್ಷಿಣ ಕನ್ನಡ ಜಿಲ್ಲೆ, ಮದರಾಸು ರಾಜ್ಯ. ಪಾಸ್‌ಪೋರ್ಟಿನಲ್ಲಿ ಕಾಸರಗೋಡು, ಕೇರಳ. ಅಪ್ಪ ಎರಡು ಕಡೆ ಹುಟ್ಟಿದರಾ ಎಂದು ಅಮೆರಿಕದ ಒಬ್ಬ ಗುಮಾಸ್ತೆ ನಿಜವಾಗಿಯೂ ಕೇಳಿದಳು. 1956ರ ನವೆಂಬರ್ 1ರಂದು ರಾಜ್ಯ ಬದಲಾಯಿತು, 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾಯಿತು, ಮನುಷ್ಯ ಅಲ್ಲೇ ಇದ್ದ ಎಂದು ಒಂದು ಪುಟ ಬರೆದು, ದಾಖಲೆಗಳಿಗೆ ಅನುವಾದಕರ ಸಹಿ ಇರುವ ಇಂಗ್ಲಿಷ್ ಅನುವಾದ ಹಚ್ಚಿ ಕೊಟ್ಟೆ. ನೀವೂ ಹಾಗೇ ಮಾಡಿ. ಡಿಡಿ 214ರಲ್ಲೇ ತಪ್ಪಿದ್ದರೆ ತಿದ್ದುಪಡಿ ಕೇಳಿ. ಸರಿಯಾದದ್ದು ಡಿಡಿ 215 ಎಂಬ ಬೇರೆ ಹಾಳೆಯಾಗಿ ಬರುತ್ತದೆ.

ಪರಿಹಾರದ ಅರ್ಜಿಯಲ್ಲಿ ವಿಎ ನೋಡುವುದು ಮೂರು. ಈಗ ಕಾಯಿಲೆ ಉಂಟಾ, ಸೇವೆಯಲ್ಲಿದ್ದಾಗ ಏನಾದರೂ ನಡೆಯಿತಾ, ಎರಡಕ್ಕೂ ಸಂಬಂಧ ಇದೆ ಎಂದು ಡಾಕ್ಟರು ಹೇಳುತ್ತಾರಾ. ನಮ್ಮವರು ಸೋಲುವುದು ಎರಡನೆಯದರಲ್ಲಿ. ಮಂಡಿ ತಿರುಚಿದರೆ "ಹೋಗಲಿ ಬಿಡು" ಎಂದು ಎಣ್ಣೆ ತಿಕ್ಕಿ ಮಲಗುವ ಜಾತಿ ನಮ್ಮದು. ಚಿಕಿತ್ಸಾಲಯಕ್ಕೆ ಹೋದರೆ ಸೋಮಾರಿ ಅಂದುಕೊಂಡಾರು ಅನ್ನುವ ಸಂಕೋಚ ಬೇರೆ. ಆಮೇಲೆ ದಾಖಲೆಯಲ್ಲಿ ಏನೂ ಇರುವುದಿಲ್ಲ. ಈಗ ಸೇವೆಯಲ್ಲಿ ಇರುವವರು ದಯವಿಟ್ಟು ಸಣ್ಣದನ್ನೂ ಬರೆಸಿ. ಬಿಡುವ 180ರಿಂದ 90 ದಿನ ಮೊದಲೇ ಅರ್ಜಿ ಹಾಕುವ ಅವಕಾಶವೂ ಇದೆ, ಅದನ್ನು ಬಿಡಬೇಡಿ.

ದಾಖಲೆ ಇಲ್ಲದಿದ್ದರೆ ಎಲ್ಲ ಮುಗಿಯಿತು ಎಂದೇನಿಲ್ಲ. ಜೊತೆಗಿದ್ದವರ, ಮನೆಯವರ ಹೇಳಿಕೆಯನ್ನೂ ತೆಗೆದುಕೊಳ್ಳುತ್ತಾರೆ. ನಾನು ಇದ್ದದ್ದು ವಾಹನ ರಿಪೇರಿಯಲ್ಲಿ, ದಿನವಿಡೀ ಎಂಜಿನ್ ಸದ್ದು. ರಜೆಯಲ್ಲಿ ಮನೆಗೆ ಬಂದಾಗ ರಾತ್ರಿ ಅಮ್ಮನ ಹತ್ತಿರ "ಜೀರುಂಡೆ ಎಷ್ಟು ಕೂಗ್ತವೆ" ಅಂದೆ. ಅಮ್ಮ ನನ್ನ ಮುಖ ನೋಡಿ, "ಈಗ ಜೀರುಂಡೆ ಎಲ್ಲುಂಟು ಮಗಾ?" ಅಂದರು. ಕಿವಿಯ ಆ ಗುಂಯ್‌ಗುಡುವಿಕೆಗೆ ಟಿನ್ನಿಟಸ್ ಎಂದು ಹೆಸರು, ವಿಎ ಪರಿಹಾರ ಕೊಡುವ ತೊಂದರೆಗಳಲ್ಲಿ ಅದೇ ಅತಿ ಸಾಮಾನ್ಯ. ಅಮ್ಮ ಅಂದು ನಡೆದದ್ದನ್ನು ಕನ್ನಡದಲ್ಲಿ ಬರೆದುಕೊಟ್ಟರು, ಅನುವಾದ ಮಾಡಿಸಿ ಅರ್ಜಿಗೆ ಸೇರಿಸಿದೆ.

ಅರ್ಜಿ 21-526ಇಝೆಡ್. ಅದನ್ನು ತುಂಬುವ ಮೊದಲು ಅರ್ಜಿ ಹಾಕುವ ಉದ್ದೇಶ ಇದೆ ಎಂದು ವಿಎಗೆ ತಿಳಿಸಿಡಿ. ಒಂದು ವರ್ಷದೊಳಗೆ ಪೂರ್ತಿ ಅರ್ಜಿ ಕೊಟ್ಟರೆ ಮಂಜೂರಾದ ಮೇಲೆ ತಿಳಿಸಿದ ದಿನದಿಂದಲೇ ಲೆಕ್ಕ ಹಿಡಿಯಬಹುದು. ಸೇನೆ ಬಿಟ್ಟು ವರ್ಷದೊಳಗೇ ಅರ್ಜಿ ಹಾಕಿದವರಿಗೆ ಬಿಟ್ಟ ಮರುದಿನದಿಂದ. ಮೈಗೆ ಆದ ಹಾನಿ ಎಷ್ಟು ಎಂದು ವಿಎ ಹಾಕುವ ಶೇಕಡಾ ಲೆಕ್ಕ ಮಾತ್ರ ತಲೆ ತಿರುಗಿಸುತ್ತದೆ. ಒಂದು ತೊಂದರೆಗೆ 50, ಇನ್ನೊಂದಕ್ಕೆ 30 ಸಿಕ್ಕಿದರೆ ಸೇರಿ 80 ಆಗುವುದಿಲ್ಲ. ಗೋಣಿಯಲ್ಲಿ 100 ಅಡಕೆ ಇದೆ ಅಂದುಕೊಳ್ಳಿ, ಮೊದಲು 50 ತೆಗೆದರು, ಉಳಿದ 50ರಲ್ಲಿ 30 ಶೇಕಡಾ ಅಂದರೆ 15 ತೆಗೆದರು, ಒಟ್ಟು ಹೋದದ್ದು 65, ಅದನ್ನು 70 ಎಂದು ಹಿಡಿಯುತ್ತಾರೆ. ತೀರ್ಮಾನ ಒಪ್ಪಿಗೆ ಆಗದಿದ್ದರೆ ಮರುಪರಿಶೀಲನೆ ಕೇಳಲು ಒಂದು ವರ್ಷ ಇದೆ. ಇರಾಕ್, ಅಫ್ಘಾನಿಸ್ತಾನದಲ್ಲಿ ಕಸ ಸುಡುವ ಹೊಂಡಗಳ ಹೊಗೆ ಕುಡಿದವರು 2022ರ ಪ್ಯಾಕ್ಟ್ ಕಾಯಿದೆಯನ್ನು ನೋಡಲೇಬೇಕು. ಅದರ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಸಂಬಂಧವನ್ನು ನೀವು ಸಾಬೀತು ಮಾಡಬೇಕಿಲ್ಲ.

ಅರ್ಜಿ ತುಂಬಿಸಲು ದುಡ್ಡು ಕೊಡಬೇಡಿ. ಅಮೆರಿಕನ್ ಲೀಜನ್, ಡಿಎವಿ, ವಿಎಫ್‌ಡಬ್ಲ್ಯು ಇಂಥ ಮಾಜಿ ಸೈನಿಕರ ಸಂಘಗಳ ಮಾನ್ಯತೆ ಪಡೆದ ಪ್ರತಿನಿಧಿಗಳು, ಹಲವು ಕೌಂಟಿಗಳ ಅಧಿಕಾರಿಗಳು ಪುಕ್ಕಟೆ ಮಾಡಿಕೊಡುತ್ತಾರೆ. ನಾನು ಮೊದಲು ಒಂದು ಕಂಪನಿಗೆ ಫೋನ್ ಮಾಡಿ, ಬರುವ ದುಡ್ಡಿನ ಕೆಲವು ತಿಂಗಳ ಪಾಲು ಕೊಡುತ್ತೇನೆ ಎಂದು ಸಹಿ ಹಾಕುವವರೆಗೆ ಹೋಗಿದ್ದೆ. ಮೊದಲ ಅರ್ಜಿಗೆ ಶುಲ್ಕ ವಸೂಲು ಮಾಡುವುದಕ್ಕೆ ಕಾನೂನಿನಲ್ಲಿ ಅವಕಾಶವೇ ಇಲ್ಲ ಎಂದು ಆಮೇಲೆ ತಿಳಿಯಿತು.

30 ಶೇಕಡಾ ಅಥವಾ ಜಾಸ್ತಿ ಸಿಕ್ಕವರಿಗೆ ಹೆಂಡತಿ ಮಕ್ಕಳ ಲೆಕ್ಕದಲ್ಲಿ ಹೆಚ್ಚುವರಿ ಬರುತ್ತದೆ. ನಮ್ಮವರಿಗೆ ಗೊತ್ತಿಲ್ಲದ ಸಂಗತಿ ಅಂದರೆ, ನಿಮ್ಮ ಆಸರೆಯಲ್ಲೇ ಬದುಕುವ ಅಪ್ಪ ಅಮ್ಮನನ್ನೂ ಸೇರಿಸಬಹುದು, 21ಪಿ-509 ಅರ್ಜಿಯಲ್ಲಿ. ಆದರೆ ಅವರ ಆದಾಯ ತೋರಿಸಬೇಕು. ತೋಟದ ಅಡಕೆ ಮಾರಿದ ಲೆಕ್ಕವನ್ನು ಮುಚ್ಚಿಡಬೇಡಿ.

ಜಿಐ ಬಿಲ್ ಅನ್ನುವ ಸೈನಿಕರ ಶಿಕ್ಷಣ ಸೌಲಭ್ಯದಲ್ಲಿ 36 ತಿಂಗಳವರೆಗೆ ಓದಿಗೆ ದುಡ್ಡು ಉಂಟು. ಅದನ್ನು ಮಕ್ಕಳಿಗೆ ವರ್ಗಾಯಿಸುವುದಿದ್ದರೆ ಸೇವೆಯಲ್ಲಿರುವಾಗಲೇ ಮಾಡಬೇಕು, ಬಿಟ್ಟ ಮೇಲೆ ಆಗುವುದಿಲ್ಲ.

ಊರಿಗೇ ವಾಪಸ್ ಹೋಗಿ ನೆಲೆಸುವ ಯೋಚನೆ ಇದ್ದವರು ಇಲ್ಲಿ ಸ್ವಲ್ಪ ನಿಲ್ಲಿ. ವಿದೇಶಿ ಸೇನೆಯಲ್ಲಿ ಇರುವವರಿಗೂ ಇದ್ದು ಬಿಟ್ಟವರಿಗೂ ಭಾರತ ಒಸಿಐ ಕಾರ್ಡ್, ಅಂದರೆ ಭಾರತ ಮೂಲದ ವಿದೇಶಿಯರು ವೀಸಾ ಇಲ್ಲದೆ ಬಂದು ಇರುವ ಕಾರ್ಡ್, ಕೊಡುವುದಿಲ್ಲ. ಅಮೆರಿಕದ ಪೌರತ್ವ ಸಿಕ್ಕ ದಿನವೇ ಭಾರತದ್ದು ಹೋಗಿರುತ್ತದೆ. ಹಾಗಾಗಿ ಸ್ವಂತ ಮನೆಗೆ ಬರಲು ವೀಸಾ ಬೇಕು, ಒಂದೇ ಸಲಕ್ಕೆ 180 ದಿನ ದಾಟಿ ನಿಲ್ಲುವುದಿದ್ದರೆ ವಿದೇಶಿಯರ ನೋಂದಣಿಯೂ ಬೇಕು. ನನ್ನನ್ನು ಸೇರಿಸಿಕೊಂಡವರು ಯಾರೂ ಈ ವಿಷಯ ಎತ್ತಿರಲಿಲ್ಲ. ಸೇರುವ ಮೊದಲೇ ಮನೆಯಲ್ಲಿ ಕೂತು ಮಾತಾಡಬೇಕಾದದ್ದು ಇದು.

ಊರಲ್ಲಿದ್ದರೂ ಪರಿಹಾರ ನಿಲ್ಲುವುದಿಲ್ಲ. ಚಿಕಿತ್ಸೆಗೆ ಫಾರಿನ್ ಮೆಡಿಕಲ್ ಪ್ರೋಗ್ರಾಂ ಇದೆ, ಸೇವೆಗೆ ಸಂಬಂಧಪಟ್ಟದ್ದು ಎಂದು ವಿಎ ಒಪ್ಪಿದ ಕಾಯಿಲೆಗೆ ಮಾತ್ರ. ಹೇಗೂ ನಮ್ಮ ಕಡೆಯವರು ದೊಡ್ಡ ಕಾಯಿಲೆಗೆ ತಲಪಾಡಿ ಗಡಿ ದಾಟಿ ಮಂಗಳೂರಿಗೇ ಹೋಗುವುದು, ಅಲ್ಲಿ ಬಿಲ್ಲು ಇಂಗ್ಲಿಷಿನಲ್ಲೇ ಕೊಡುತ್ತಾರೆ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ, ಯಾವುದಕ್ಕೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆಸಿ, ರಶೀದಿ ಜೊತೆ ಎರಡು ವರ್ಷದೊಳಗೆ ಕಳಿಸಿ. ವಿಎ ಡಾಕ್ಟರ ತಪಾಸಣೆ ಬಾಕಿ ಇದ್ದರೆ ಅಮೆರಿಕ ಬಿಡುವ ಮೊದಲೇ ಮುಗಿಸಿಕೊಳ್ಳಿ, ಅಲ್ಲಿಯ ಮೊಬೈಲ್ ನಂಬರ್ ಜೀವಂತ ಇಡಿ. ಒಟಿಪಿ ಬರುವುದು ಅದಕ್ಕೇ.

ಮತ್ತೆ, ಡಿಡಿ 214 ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ನಾಳೆ ನಮಗೆ ಏನಾದರೂ ಆದರೆ ಹೆಂಡತಿ ಮಕ್ಕಳು ಏನು ಕೇಳುವುದಕ್ಕೂ ಅದು ಬೇಕು. ನನ್ನದರ ಒಂದು ಪ್ರತಿ ಪೆರ್ಲದ ಮನೆಯಲ್ಲಿದೆ. ಗೆದ್ದಲು ಹಿಡಿಯದ ಹಾಗೆ ಅಮ್ಮ ಅದನ್ನು ಬಿಸ್ಕತ್ತಿನ ಡಬ್ಬದಲ್ಲಿ, ತೋಟದ ತೀರ್ವೆ ರಶೀದಿಗಳ ಜೊತೆ ಇಟ್ಟಿದ್ದಾರೆ.